ಬರಿ ಉಕ್ಕಿನ ಸೈಕಲ್ ಫ್ರೇಮ್: ಕಲೆಯ ಆಕಾರ ನೋಡಿ ದೋಷ ಹಿಡಿಯುವುದು

ಬಣ್ಣ ಕಿತ್ತು, ಉಕ್ಕಿನ ಮೈ ಕಾಣುವಂತೆ ಬಿಟ್ಟು, ಮೇಲೆ ಕ್ಲಿಯರ್ ಕೋಟೋ (ಬಣ್ಣವಿಲ್ಲದ ಪಾರದರ್ಶಕ ಪೇಂಟ್) ಮೇಣವೋ ಹಾಕಿದ ಫ್ರೇಮ್ ಹಲವು ರೀತಿಯಲ್ಲಿ ಕೆಡುತ್ತದೆ. ಕೆಟ್ಟಾಗ ಮಾತ್ರ ಎಲ್ಲರ ಕೈಯೂ ಒಂದೇ ಕಡೆ ಹೋಗುತ್ತದೆ: ಕ್ಲಿಯರ್ ಡಬ್ಬಿಗೆ. ಇನ್ನೊಂದು ಕೋಟ್ ಹೊಡೆದರೆ ಸರಿಹೋದೀತು ಎಂಬ ಆಸೆ. ಸರಿಹೋಗುವುದಿಲ್ಲ. ಇಲ್ಲಿ ಬರುವ ದೋಷಗಳಲ್ಲಿ ಬಹುಪಾಲು ಕ್ಲಿಯರ್ ಬೀಳುವ ಮೊದಲೇ ಲೋಹದ ಮೇಲೆ ಕೂತಿರುತ್ತವೆ. ಕ್ಲಿಯರ್ ಅವನ್ನು ಮುಚ್ಚಿ ಕಾಪಾಡುತ್ತದೆ, ಅಷ್ಟೆ.

ಮಾಮೂಲಿ ಪೇಂಟ್ ಕೆಲಸದಲ್ಲಿ ಉಕ್ಕಿಗೆ ತಾಗಿಕೊಂಡಿರುವುದು ಪ್ರೈಮರ್. ಅದರಲ್ಲಿ ಸತುವಿನ ಫಾಸ್ಫೇಟ್‌ನಂಥ ತುಕ್ಕು ತಡೆಯುವ ಪುಡಿ ಇರುತ್ತದೆ. ಪುಡಿಗಳು ತುಂಬಿದ ಪ್ರೈಮರ್‌ನ ಹಿಂದೆ ಏನೂ ಕಾಣದಿರುವುದರಿಂದ, ಲೋಹ ಕಾಣಬೇಕು ಎನ್ನುವವರು ಪ್ರೈಮರ್ ಬಿಡಲೇಬೇಕು. ಉಳಿಯುವುದು ಪಾರದರ್ಶಕ ಪದರ ಮಾತ್ರ. ಯಾವ ಪದರವೂ ನೀರಿನ ಆವಿಯನ್ನು ಪೂರ್ತಿ ತಡೆಯುವುದಿಲ್ಲ, ತಡಮಾಡಿಸುತ್ತದೆ. ಹಾಗಾಗಿ ಕೆಳಗಿನ ಲೋಹದಲ್ಲಿ ಉಪ್ಪು, ಆಮ್ಲ, ಎಣ್ಣೆ, ಬೆವರು ಏನು ಉಳಿದಿದೆಯೋ ಅದರ ಮೇಲೆಯೇ ಫಿನಿಶ್‌ನ ಆಯಸ್ಸು ನಿಂತಿದೆ. ಎಲ್ಲಿ, ಯಾವ ಆಕಾರದಲ್ಲಿ ಕಲೆ ಎದ್ದಿದೆ ಎನ್ನುವುದು ಉಳಿದದ್ದು ಯಾವುದು ಎಂಬುದರ ಗುರುತು.

ಮೊದಲು ಕೈಗೆ ಸಿಗಬೇಕಾದ ಸಾಮಾನು

ಪ್ರಖರವಾದ ಟಾರ್ಚ್, ಭೂತಕನ್ನಡಿ, ಸಣ್ಣ ಅಯಸ್ಕಾಂತ, ಗಟ್ಟಿ ಅಂಟಿನ ಟೇಪ್, ಬಿಳಿ ಹತ್ತಿ ಬಟ್ಟೆ, ಅಸಿಟೋನ್, ಲಿಟ್ಮಸ್ ಪಟ್ಟಿ, ನೈಟ್ರೈಲ್ ಕೈಗವಸು. ಇಷ್ಟರಲ್ಲೇ ಹೆಚ್ಚಿನ ದೋಷ ಪತ್ತೆಯಾಗುತ್ತದೆ.

ಅಯಸ್ಕಾಂತದಿಂದ ಎರಡು ಉಪಯೋಗ. ಕೊಳವೆಗೆ ಬಿಗಿಯಾಗಿ ಹಿಡಿದುಕೊಂಡರೆ ಉಕ್ಕು. ಹಿಡಿಯದಿದ್ದರೆ ಅಲ್ಯೂಮಿನಿಯಂ, ಟೈಟೇನಿಯಂನಂಥ ಬೇರೆ ವಸ್ತು, ಅವಕ್ಕೆ ಈ ಕೈಪಿಡಿ ಅನ್ವಯಿಸುವುದಿಲ್ಲ. ಉಕ್ಕಿನ ಕೊಳವೆಯಲ್ಲೇ ಒಂದು ಕಡೆ ಮಾತ್ರ ಹಿಡಿತ ಸಡಿಲವಾದರೆ ಅಲ್ಲಿ ಬಣ್ಣದ ಕೆಳಗೆ ಪುಟ್ಟಿ ಇದೆ ಎಂದರ್ಥ. ಅಂದರೆ ಯಾರೋ ತಗ್ಗು ತುಂಬಿ ಮುಚ್ಚಿದ್ದಾರೆ. ಬರಿ ಲೋಹದ ಫಿನಿಶ್‌ನಲ್ಲಿ ಪುಟ್ಟಿಗೆ ಜಾಗವಿಲ್ಲ. ಅದನ್ನು ಬಣ್ಣ ಕೀಳುವ ಮೊದಲೇ ತಿಳಿದುಕೊಂಡರೆ ಕೆಲಸ ಉಳಿಯುತ್ತದೆ.

ಹಳೆಯ ಫ್ರೇಮ್‌ನ ಬಣ್ಣದಲ್ಲಿ ಸೀಸ ಇರಬಹುದು. ಅದನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸಬೇಡಿ. ಪೇಂಟ್ ರಿಮೂವರ್ ಬಳಸಿ, ಉಳಿದದ್ದನ್ನು ನೀರು ಹಾಕಿ ಉಜ್ಜಿ, ಕೆಸರನ್ನು ಬಟ್ಟೆಯಲ್ಲಿ ಒರೆಸಿ ಚೀಲದಲ್ಲಿ ಕಟ್ಟಿಡಿ. ಡೈಕ್ಲೋರೋಮಿಥೇನ್ ಇರುವ ರಿಮೂವರ್ ಅನ್ನು ಮುಚ್ಚಿದ ಕೋಣೆಯಲ್ಲಿ ಬಳಸಿ ಸತ್ತವರಿದ್ದಾರೆ. ಹಲವು ದೇಶಗಳಲ್ಲಿ ಮನೆಬಳಕೆಗೆ ಅದರ ಮಾರಾಟವೇ ನಿಂತಿದೆ. ಸಾಧ್ಯವಿದ್ದರೆ ಅದಿಲ್ಲದ್ದನ್ನೇ ತನ್ನಿ.

ಬಣ್ಣ ತೆಗೆದ ಕೆಲವೇ ಗಂಟೆಗಳಲ್ಲಿ ಕಿತ್ತಳೆ-ಕಂದು ಛಾಯೆ

ಬಿಳಿ ಬಟ್ಟೆಯಿಂದ ಒರೆಸಿ. ಪುಡಿ ಬಟ್ಟೆಗೆ ಹತ್ತಿ, ಕೆಳಗೆ ಲೋಹ ಹೊಳೆದರೆ ಇದು ಮೇಲ್ಮೈಯ ತುಕ್ಕು. ಹೆದರಬೇಕಾಗಿಲ್ಲ, ಆದರೆ ಹರಡಿದ ರೀತಿಯನ್ನು ನೋಡಿಯೇ ಮುಂದೆ ಹೋಗಿ.

ಫ್ರೇಮ್ ತುಂಬ ಒಂದೇ ಸಮನಾಗಿದ್ದರೆ ಕಾರಣ ಗಾಳಿಯ ತೇವ. ಕೆಳಮುಖವಾಗಿ ಇಳಿದ ಗೆರೆಗಳಲ್ಲಿದ್ದರೆ ತೊಳೆದ ನೀರು ತಾನಾಗಿ ಒಣಗಲು ಬಿಟ್ಟಿದ್ದೀರಿ. ಲಗ್‌ಗಳ (ಕೊಳವೆಗಳನ್ನು ಜೋಡಿಸುವ ತೋಳುಗಳು) ಅಂಚಿನಲ್ಲಿ, ಬಾಟಮ್ ಬ್ರಾಕೆಟ್ ಶೆಲ್‌ನ (ಪೆಡಲ್ ಅಚ್ಚು ಕೂರುವ ಗೂಡು) ಸುತ್ತ, ಗಾಳಿರಂಧ್ರಗಳ ಬಳಿ ಮಾತ್ರ ದಟ್ಟವಾಗಿದ್ದರೆ ಸಂದಿಯಲ್ಲಿ ಆಮ್ಲ ಉಳಿದಿದೆ. ಅಲ್ಲಿ ಒಂದು ಹನಿ ಶುದ್ಧ ನೀರು ಬಿಟ್ಟು ನೀಲಿ ಲಿಟ್ಮಸ್ ಒತ್ತಿ; ಕೆಂಪಾದರೆ ಸಂದೇಹ ಬೇಡ.

ಮೊದಲೆರಡಕ್ಕೆ 320 ನಂಬರಿನ ಎಮರಿ ಪೇಪರ್ ಅಥವಾ ನೈಲಾನ್ ಸ್ಕ್ರಬ್ ಪ್ಯಾಡ್ ಸಾಕು. ತುಕ್ಕು ಕಂಡಿತೆಂದು ಮತ್ತೆ ಆಮ್ಲಕ್ಕೆ ಕೈ ಹಾಕಬೇಡಿ. ಮತ್ತೆ ತೊಳೆಯಬೇಕು, ಮತ್ತೆ ಕಂದಾಗುತ್ತದೆ. ಉಜ್ಜಿದ ಮೇಲೆ ಅಸಿಟೋನ್‌ನಿಂದ ಒರೆಸಿ ಅದೇ ದಿನ ಫಿನಿಶ್ ಹಾಕಿ. ಸ್ಟೀಲ್ ವುಲ್ ಮಾತ್ರ ಬೇಡ: ಅದರ ಎಳೆಗಳು ಮುರಿದು ಲೋಹದ ಗೀರಿನಲ್ಲಿ ಸಿಕ್ಕಿಕೊಳ್ಳುತ್ತವೆ, ಕ್ಲಿಯರ್‌ನ ಕೆಳಗೆ ಒಂದೊಂದೂ ಒಂದು ತುಕ್ಕಿನ ಚುಕ್ಕೆಯಾಗುತ್ತದೆ.

ಆಮ್ಲ ಉಳಿದಿದ್ದರೆ ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಕರಗಿಸಿ, ಕೊಳವೆಗಳ ಒಳಗೂ ಹೊರಗೂ ಹರಿಸಿ, ಬಿಸಿನೀರಿನಿಂದ ತೊಳೆಯಿರಿ. ಬಿಸಿನೀರೇ ಏಕೆಂದರೆ ಲೋಹ ಕಾದು ಬೇಗ ಒಣಗುತ್ತದೆ. ಸೋಡಾ ಉಳಿದರೂ ಕ್ಲಿಯರ್ ಹಿಡಿಯುವುದಿಲ್ಲ, ಆದ್ದರಿಂದ ಕೊನೆಯ ತೊಳೆತ ಬರಿ ನೀರಿನದಾಗಿರಬೇಕು. ನಂತರ ಸಂದಿಗಳಿಗೆ ಕಂಪ್ರೆಸರ್ ಗಾಳಿ, ಆಮೇಲೆ ಹೇರ್ ಡ್ರೈಯರ್.

ಯಾವ ಆಮ್ಲ ಎಂಬುದೂ ಮುಖ್ಯ. ಲೀಟರಿಗೆ 50 ಗ್ರಾಂ ಸಿಟ್ರಿಕ್ ಆಮ್ಲ ಅಥವಾ ಸಾದಾ ವಿನಿಗರ್ ನಿಧಾನ, ಆದರೆ ತೊಳೆದರೆ ಹೋಗುತ್ತದೆ. ಹೈಡ್ರೋಕ್ಲೋರಿಕ್ ಆಮ್ಲ ವೇಗವಾಗಿ ಕೆಲಸ ಮಾಡುತ್ತದೆ ಎಂದು ಬಳಸುವವರಿದ್ದಾರೆ. ಅದರ ಕ್ಲೋರೈಡ್ ಲಗ್ ಸಂದಿಯಲ್ಲಿ ಉಳಿದು ಮುಂದೆ ಹೇಳುವ ಜೇಡದ ಕಾಲಿನಂಥ ತುಕ್ಕಿಗೆ ಬೀಜವಾಗುತ್ತದೆ. ಹೊಗೆ ತಾಗಿ ಕೋಣೆಯಲ್ಲಿರುವ ಬೇರೆ ಉಪಕರಣಗಳೂ ತುಕ್ಕು ಹಿಡಿಯುತ್ತವೆ. ಫ್ರೇಮ್‌ಗೆ ಅದು ಬೇಡವೇ ಬೇಡ. ಯಾವ ಆಮ್ಲವಾದರೂ ಬ್ಲೀಚ್ ಜೊತೆ ಸೇರಿದರೆ ವಿಷಾನಿಲ ಬರುತ್ತದೆ, ಒಂದೇ ಬಕೆಟ್ ಬಳಸಬೇಡಿ.

ಬೆರಳು, ಅಂಗೈ ಆಕಾರದ ಕಲೆಗಳು

ಟಾಪ್ ಟ್ಯೂಬ್‌ನ (ಮೇಲಿನ ಅಡ್ಡ ಕೊಳವೆ) ನಡುವೆ, ಫ್ರೇಮ್ ಎತ್ತುವ ಜಾಗದಲ್ಲಿ, ಕ್ಲಿಯರ್ ಹಾಕಿ ಕೆಲವು ವಾರಗಳಾದ ಮೇಲೆ ಏಳುತ್ತವೆ. ಬೆವರಿನ ಉಪ್ಪು. ಕೊನೆಯ ಉಜ್ಜಿನ ನಂತರ ಯಾರೋ ಬರಿಗೈಯಲ್ಲಿ ಮುಟ್ಟಿದ್ದಾರೆ.

ಉಪ್ಪು ಅಸಿಟೋನ್‌ನಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಎಣ್ಣೆ ನೀರಿನಲ್ಲಿ ಕರಗುವುದಿಲ್ಲ, ಅಸಿಟೋನ್‌ನಲ್ಲಿ ಕರಗುತ್ತದೆ. ಒಂದನ್ನೇ ನಂಬಿದರೆ ಇನ್ನೊಂದು ಉಳಿಯುತ್ತದೆ. ಆದ್ದರಿಂದ ಮೊದಲು ಬಿಸಿ ಶುದ್ಧ ನೀರಿನ ಬಟ್ಟೆಯಿಂದ ಒರೆಸಿ, ತಕ್ಷಣ ಒಣಗಿಸಿ, ಬಳಿಕ ಅಸಿಟೋನ್. ಅಸಿಟೋನ್ ಹಾಕಿದ ಬಟ್ಟೆಯ ಬೆನ್ನಲ್ಲೇ ಒಣ ಬಟ್ಟೆ ಬರಬೇಕು. ಹಾಗೇ ಆರಲು ಬಿಟ್ಟರೆ ಕರಗಿದ ಎಣ್ಣೆ ಅಲ್ಲೇ ಮತ್ತೆ ಕೂರುತ್ತದೆ. ಬಟ್ಟೆಯ ಮಡಿಕೆಯನ್ನು ಕೊಳವೆಯಿಂದ ಕೊಳವೆಗೆ ಬದಲಿಸಿ. ಹತ್ತಿರ ಬೆಂಕಿಯಾಗಲಿ, ಕಿಡಿ ಹಾರಿಸುವ ಗ್ರೈಂಡರ್ ಆಗಲಿ ಇರಬಾರದು.

ಕಲೆ ಈಗಾಗಲೇ ಕ್ಲಿಯರ್‌ನ ಕೆಳಗಿದ್ದರೆ ಮೇಲಿನಿಂದ ಯಾವ ಪಾಲಿಶ್ ಹಾಕಿದರೂ ಹೋಗದು. ಆ ಭಾಗದ ಕ್ಲಿಯರ್ ಕೆರೆಯಲೇಬೇಕು.

ಕ್ಲಿಯರ್ ಒಳಗೆ ಹಾಲಿನಂಥ ಮಬ್ಬು

ಹೊಡೆದ ಕೆಲವೇ ನಿಮಿಷಗಳಲ್ಲಿ ಬಿಳಿಚಿತೇ, ತಿಂಗಳುಗಳ ಮೇಲೆ ಬಿಳಿಚಿತೇ? ಇದೊಂದೇ ಪ್ರಶ್ನೆ.

ಕೂಡಲೇ ಬಿಳಿಚಿದರೆ ತೇವ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ. ತಂಪು ಇಬ್ಬನಿ ಬಿಂದುವಿಗಿಂತ ಕೆಳಗಿಳಿದರೆ ಗಾಳಿಯ ನೀರು ಹಸಿ ಪದರದೊಳಗೇ ಹನಿಗಟ್ಟುತ್ತದೆ. ಲ್ಯಾಕರ್ ಮಾದರಿಯ ಸ್ಪ್ರೇ ಡಬ್ಬಿಗಳಲ್ಲಿ ಇದು ಸಾಮಾನ್ಯ. ಪೇಂಟ್ ಕೆಲಸದವರ ಲೆಕ್ಕ ಹೀಗೆ: ಲೋಹದ ಉಷ್ಣತೆ ಇಬ್ಬನಿ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಮೇಲಿರಬೇಕು, ಸಾಪೇಕ್ಷ ಆರ್ದ್ರತೆ ಶೇ. 85 ದಾಟಬಾರದು. ಮಳೆಗಾಲದ ಸಂಜೆ ಹೊಡೆಯಬೇಡಿ. ತಣ್ಣನೆ ಕೋಣೆಯಿಂದ ತಂದ ಫ್ರೇಮ್ ಹೊರಗಿನ ಬಿಸಿಗೆ ಹೊಂದಿಕೊಳ್ಳುವವರೆಗೆ ಕಾಯಿರಿ.

ಹೇರ್ ಡ್ರೈಯರ್‌ನಿಂದ ಹದವಾಗಿ ಬೆಚ್ಚಗೆ ಮಾಡಿದರೆ ಎಳೆಯ ಮಬ್ಬು ತಾನೇ ಬಿಡುವುದುಂಟು. ಬಿಡದಿದ್ದರೆ, ಲ್ಯಾಕರ್ ಆಗಿದ್ದಲ್ಲಿ ನಿಧಾನವಾಗಿ ಆರುವ ಥಿನ್ನರ್ ಬೆರೆತ ಒಂದು ತೆಳು ಕೋಟ್ ಅದನ್ನು ಕರಗಿಸಿ ತೇವವನ್ನು ಹೊರಬಿಡುತ್ತದೆ. ಮೇಲೊಂದು ಕೋಟ್ ಕೆಲಸಕ್ಕೆ ಬರುವ ಅಪರೂಪದ ಸಂದರ್ಭ ಇದು. ಹಾರ್ಡ್‌ನರ್ ಬೆರೆಸುವ ಟೂ-ಕೆ ಕ್ಲಿಯರ್‌ಗೆ ಈ ಉಪಾಯ ನಡೆಯದು.

ತಿಂಗಳುಗಳ ನಂತರ ಬಿಳಿಚಿದರೆ ಪದರ ಲೋಹದಿಂದ ಬಿಡುತ್ತಿದೆ, ನಡುವೆ ಗಾಳಿ ಸೇರಿದೆ. ಮುಂದೆ 'ಹಾಳೆಯಂತೆ ಏಳುವುದು' ಭಾಗ ನೋಡಿ.

ಮೀನಿನ ಕಣ್ಣು, ಸಣ್ಣ ಗುಳ್ಳೆ, ಕಿತ್ತಳೆ ಸಿಪ್ಪೆ

ಕ್ಲಿಯರ್ ಬಿದ್ದ ಕೂಡಲೇ ಗುಂಡಾಗಿ ಹಿಂದೆ ಸರಿದು ನಡುವೆ ಬರಿ ಲೋಹ ಕಂಡರೆ ಅದು ಮೀನಿನ ಕಣ್ಣು; ಕಾರಣ ಎಣ್ಣೆ ಅಥವಾ ಸಿಲಿಕೋನ್. ಫ್ರೇಮ್ ತುಂಬ ಚದುರಿದ್ದರೆ ಒರೆಸಿದ್ದು ಸಾಲದು, ಅಥವಾ ಕಂಪ್ರೆಸರ್‌ನ ಎಣ್ಣೆ ಬರುತ್ತಿದೆ. ಗಾಳಿಯನ್ನು ಬಿಳಿ ಕಾಗದದ ಮೇಲೆ ಅರ್ಧ ನಿಮಿಷ ಬಿಟ್ಟು ನೋಡಿ. ಗಾಳಿರಂಧ್ರದ ಸುತ್ತ ಮಾತ್ರ ಇದ್ದರೆ ಕೊಳವೆಯೊಳಗಿನ ತುಕ್ಕುನಿರೋಧಕ ಎಣ್ಣೆ ಸೋರುತ್ತಿದೆ. ಒಳಗಿನ ಎಣ್ಣೆ ಹಾಕುವುದು ಯಾವತ್ತೂ ಹೊರಗಿನ ಫಿನಿಶ್ ಗಟ್ಟಿಯಾದ ಮೇಲೆ. ಮೊದಲೇ ಹಾಕಿಬಿಟ್ಟಿದ್ದರೆ ಥಿನ್ನರ್‌ನಿಂದ ತೊಳೆದು ಒಣಗಿಸದೆ ಗತಿಯಿಲ್ಲ.

ಸೂಜಿಮೊನೆಯ ಗುಳ್ಳೆಗಳು ಅಂದರೆ ಕೋಟ್ ದಪ್ಪವಾಯಿತು. ಮೇಲು ಒಣಗಿ ಒಳಗಿನ ಥಿನ್ನರ್ ಸಿಕ್ಕಿಕೊಂಡಿತು. ಕಿತ್ತಳೆ ಸಿಪ್ಪೆಯಂತಾದರೆ ದೂರದಿಂದ ಹೊಡೆದಿದ್ದೀರಿ ಅಥವಾ ಬಿಸಿಲು ಹೆಚ್ಚಿತ್ತು. ಡಬ್ಬಿ ಕೊಳವೆಯಿಂದ 20-25 ಸೆಂ.ಮೀ. ದೂರವಿರಲಿ, ಮೂರು-ನಾಲ್ಕು ತೆಳು ಕೋಟ್, ನಡುವೆ ಡಬ್ಬಿಯ ಮೇಲೆ ಬರೆದಷ್ಟು ಬಿಡುವು. ಆ ಅವಧಿ ಮೀರಿ ಹೊಡೆದರೆ ಕೆಲವು ಎನಾಮೆಲ್ ಕ್ಲಿಯರ್‌ಗಳು ಸುಕ್ಕುಗಟ್ಟಿ ಏಳುತ್ತವೆ, ಅದಕ್ಕೆ ಮದ್ದಿಲ್ಲ.

ಟೂ-ಕೆ ಕ್ಲಿಯರ್ ಗಟ್ಟಿ, ಪೆಟ್ರೋಲ್ ತಾಗಿದರೂ ಅಲುಗದು. ಅದರ ಹಾರ್ಡ್‌ನರ್‌ನಲ್ಲಿ ಐಸೋಸಯನೇಟ್ ಎಂಬ ರಾಸಾಯನಿಕ ಇದೆ. ಉಸಿರಿನಲ್ಲಿ ಹೋದರೆ ಜೀವನಪೂರ್ತಿ ಕಾಡುವ ಅಸ್ತಮಾ ಬರಬಹುದು; ಒಮ್ಮೆ ದೇಹಕ್ಕೆ ಒಗ್ಗದಾದರೆ ಮುಂದೆ ಎಳ್ಳಷ್ಟು ತಾಗಿದರೂ ದಾಳಿ. ಡಸ್ಟ್ ಮಾಸ್ಕ್ ಇಲ್ಲಿ ನಿರುಪಯೋಗ, ಕಾರ್ಟ್ರಿಡ್ಜ್ ಮಾಸ್ಕ್ ಮೇಲೂ ಭರವಸೆ ಇಡುವಂತಿಲ್ಲ. ಹೊರಗಿನಿಂದ ಗಾಳಿ ಪೂರೈಸುವ ಮಾಸ್ಕ್ ಬೇಕು, ಚರ್ಮ ಮುಚ್ಚಿರಬೇಕು. ಈ ವ್ಯವಸ್ಥೆ ಇಲ್ಲದವರು ವಾಹನಗಳ ಪೇಂಟ್ ಬೂತ್‌ಗೆ ಫ್ರೇಮ್ ಕೊಡುವುದೇ ಸರಿ. ಡಬ್ಬಿಯ ಬುಡದ ಗುಂಡಿ ಒತ್ತಿ ಬೆರೆಸುವ ಟೂ-ಕೆ ಸ್ಪ್ರೇಗೂ ಇದೇ ಮಾತು. ಡಬ್ಬಿ ಚಿಕ್ಕದೆಂದು ಒಳಗಿನದು ಬದಲಾಗುವುದಿಲ್ಲ.

ಕ್ಲಿಯರ್ ಹಾಕಿದ ಮೇಲೆ ಗೀರುಗಳು ಎದ್ದು ಕಾಣುವುದು

ಹೊಸ ಗೀರಲ್ಲ, ಹಳೆಯದು. ಒರಟು ಕಾಗದದಿಂದ ನುಣುಪಿಗೆ ಹೋಗುವಾಗ ಒಂದು ಮೆಟ್ಟಿಲು ಹಾರಿಸಿದ್ದೀರಿ. 120, 180, 240, 320, 400 ಎಂದು ಕ್ರಮವಾಗಿ ಹೋಗಿ, ಪ್ರತಿ ನಂಬರಿಗೂ ಉಜ್ಜುವ ದಿಕ್ಕು ಬದಲಿಸಿ. ಹಿಂದಿನ ಗೀರು ಪೂರ್ತಿ ಮಾಯವಾದ ಮೇಲೆಯೇ ಮುಂದಿನದು. 80 ನಂಬರಿನದನ್ನು ತೆಳು ಕೊಳವೆಯ ಹತ್ತಿರವೂ ತರಬೇಡಿ. ಕೊನೆಯ ಉಜ್ಜು ಕೊಳವೆಯ ಉದ್ದಕ್ಕೆ, ಒಂದೇ ದಿಕ್ಕಿಗೆ ಇದ್ದರೆ ಉಳಿದ ಸಣ್ಣ ಗೀರುಗಳು ಫಿನಿಶ್‌ನ ಭಾಗವಾಗಿಬಿಡುತ್ತವೆ.

ಕ್ಲಿಯರ್‌ನ ಕೆಳಗೆ ಜೇಡದ ಕಾಲಿನಂಥ ಕಂದು ಎಳೆಗಳು

ಈ ಫಿನಿಶ್‌ನ ನಿಜವಾದ ಕಾಯಿಲೆ ಇದು. ಕೂದಲಿಗಿಂತ ಸ್ವಲ್ಪ ದಪ್ಪ, ಸುಮಾರು 0.1ರಿಂದ 0.5 ಮಿ.ಮೀ. ಅಗಲದ ಎಳೆಗಳು ಒಂದು ಚುಕ್ಕೆಯಿಂದಲೋ ಅಂಚಿನಿಂದಲೋ ಹೊರಟು ಅಂಕುಡೊಂಕಾಗಿ ಹರಿಯುತ್ತವೆ. ಒಂದು ಎಳೆ ಇನ್ನೊಂದನ್ನು ದಾಟುವುದಿಲ್ಲ. ಎದುರಾದಾಗ ತಿರುಗಿಕೊಳ್ಳುತ್ತದೆ ಅಥವಾ ನಿಲ್ಲುತ್ತದೆ. ಭೂತಕನ್ನಡಿಯಲ್ಲಿ ಇಷ್ಟು ಕಂಡರೆ ಬೇರೆ ಪರೀಕ್ಷೆ ಬೇಡ. ಇದನ್ನು ಎಳೆ ತುಕ್ಕು ಎನ್ನೋಣ.

ಎಳೆಯ ತುದಿಯಲ್ಲಿ ಆಮ್ಲೀಯ ದ್ರವದ ಒಂದು ಸಣ್ಣ ತಲೆ ಇರುತ್ತದೆ. ಅಲ್ಲಿ ಕಬ್ಬಿಣ ಕರಗುತ್ತದೆ. ಹಿಂದಿನ ಬಾಲದಲ್ಲಿ ಆಮ್ಲಜನಕ ಸೇರಿ ಕರಗಿದ್ದೆಲ್ಲ ಒಣ ತುಕ್ಕಾಗುತ್ತದೆ. ಉಪ್ಪು ಮಾತ್ರ ಖರ್ಚಾಗದೆ ತಲೆಯ ಜೊತೆ ಮುಂದೆ ಹೋಗುತ್ತದೆ. ಅದಕ್ಕೇ ಚಿಟಿಕೆಗಿಂತಲೂ ಎಷ್ಟೋ ಕಡಿಮೆ ಉಪ್ಪು ಗೇಣುದ್ದದ ಎಳೆಗೆ ಸಾಕಾಗುತ್ತದೆ. ಬೇಕಾದ ನೀರು ಪದರದ ಮೂಲಕವೇ ಒಳಗಿಳಿಯುತ್ತದೆ. ಸಾಪೇಕ್ಷ ಆರ್ದ್ರತೆ ಸುಮಾರು ಶೇ. 65ರಿಂದ 95ರ ನಡುವೆ ಇದ್ದಾಗ ಎಳೆ ಬೆಳೆಯುತ್ತದೆ, ಒಣ ಹವೆಯಲ್ಲಿ ಮಲಗುತ್ತದೆ. ಒಣ ತಿಂಗಳುಗಳಲ್ಲಿ ಬೆಳೆಯದಿದ್ದದ್ದನ್ನು ಕಂಡು ನಿಂತಿತೆಂದು ಭಾವಿಸಬೇಡಿ.

ಎಳೆ ಎಲ್ಲಿಂದ ಹೊರಟಿದೆ ಎಂದು ಹಿಂದಕ್ಕೆ ಹುಡುಕಿ.

ಹೆಡ್ ಟ್ಯೂಬ್‌ನ (ಹ್ಯಾಂಡಲ್ ಕೂರುವ ಮುಂದಿನ ಗಿಡ್ಡ ಕೊಳವೆ) ತುದಿ, ಬಾಟಮ್ ಬ್ರಾಕೆಟ್‌ನ ಮುಖ, ಸೀಟ್ ಕ್ಲ್ಯಾಂಪ್, ಡ್ರಾಪ್‌ಔಟ್‌ಗಳಿಂದ (ಹಿಂದಿನ ಚಕ್ರದ ಅಚ್ಚು ಕೂರುವ ತುದಿಗಳು) ಹೊರಟಿದ್ದರೆ ಕಾರಣ ಬಿಡಿಭಾಗ ಕೂರಿಸುವಾಗ ಕ್ಲಿಯರ್‌ನ ಅಂಚು ಒಡೆದದ್ದು. ಕೇಬಲ್ ಉಜ್ಜುವ ಜಾಗ, ಬಾಟಲ್ ಬಾಸ್‌ನ (ನೀರಿನ ಬಾಟಲಿ ಹಿಡಿಕೆಯ ಸ್ಕ್ರೂ ಕೂರುವ ತೂತು) ಸುತ್ತ, ಕಲ್ಲು ಸಿಡಿದ ಚುಕ್ಕೆ ಇವೂ ಅದೇ ಜಾತಿ. ದೋಷ ಅಂಚಿನದು, ಫಿನಿಶ್‌ನದಲ್ಲ, ತಿದ್ದಬಹುದು. ಯಾವ ಗಾಯವೂ ಇಲ್ಲದ ನುಣುಪು ಮೈಯ ನಡುವೆ, ಅದೂ ಹಲವು ಕಡೆ ಹೊರಟಿದ್ದರೆ ಉಪ್ಪು ಕ್ಲಿಯರ್‌ನ ಕೆಳಗೇ ಸಿಕ್ಕಿದೆ. ಅಂಥದ್ದನ್ನು ಅಲ್ಲಲ್ಲಿ ತಿದ್ದುತ್ತ ಕೂರುವುದು ವ್ಯರ್ಥ.

ಅಂಚಿನಿಂದ ಬಂದ ಒಂದೆರಡು ಎಳೆಗಳಿಗೆ ಹೀಗೆ ಮಾಡಿ:

1. ಎಳೆಯ ತಲೆಯಿಂದ ಇನ್ನೂ 10-15 ಮಿ.ಮೀ. ಆಚೆಯವರೆಗೆ ಕ್ಲಿಯರ್ ಕೆರೆಯಿರಿ. ಕಂದು ಕಾಣುವಲ್ಲಿಗೇ ನಿಲ್ಲಿಸಿದರೆ ತಲೆಯನ್ನು ಬಿಟ್ಟು ಬಾಲ ಕತ್ತರಿಸಿದಂತಾಯಿತು.
2. 240, 320ರಿಂದ ಹೊಳಪು ಬರುವವರೆಗೆ ಉಜ್ಜಿ. ಉಳಿದ ಕ್ಲಿಯರ್‌ನ ಅಂಚನ್ನು ಇಳಿಜಾರು ಮಾಡಿ.
3. ಬಿಸಿಮಾಡಿದ ಡಿಸ್ಟಿಲ್ಡ್ ವಾಟರ್‌ನಿಂದ ಮೂರು-ನಾಲ್ಕು ಸಲ, ಪ್ರತಿ ಸಲ ಹೊಸ ಬಟ್ಟೆಯಲ್ಲಿ ಒರೆಸಿ. ಈ ಹೆಜ್ಜೆ ಬಿಟ್ಟವರಿಗೆ ಎಳೆ ಅದೇ ಜಾಗದಲ್ಲಿ ಮತ್ತೆ ಏಳುತ್ತದೆ.
4. ಹೇರ್ ಡ್ರೈಯರ್‌ನಲ್ಲಿ ಒಣಗಿಸಿ, ಅಸಿಟೋನ್‌ನಿಂದ ಒರೆಸಿ, ಲೋಹ ಇನ್ನೂ ಬೆಚ್ಚಗಿರುವಾಗ ಅದೇ ಜಾತಿಯ ಕ್ಲಿಯರ್ ಹಾಕಿ.
5. ಗಟ್ಟಿಯಾದ ಮೇಲೆ ಬಿಡಿಭಾಗ ತಾಗುವ ಅಂಚುಗಳಿಗೆ ಗ್ರೀಸ್ ಅಥವಾ ಮೇಣ ಸವರಿ, ಕೇಬಲ್ ಉಜ್ಜುವಲ್ಲಿ ಪಾರದರ್ಶಕ ಫಿಲ್ಮ್ ಅಂಟಿಸಿ.

ತಿದ್ದಿದ ಗುರುತು ಕಾಣುತ್ತದೆ. ಬರಿ ಲೋಹದ ಮೇಲೆ ತೇಪೆ ಮರೆಮಾಚುವ ವಿದ್ಯೆ ಯಾರಿಗೂ ಬರುವುದಿಲ್ಲ.

ಹಲವು ಕಡೆ ಎದ್ದಿದ್ದರೆ ಪೂರ್ತಿ ಕಿತ್ತು ಮೊದಲಿನಿಂದ ಮಾಡಿ, ಅಥವಾ ಕ್ಲಿಯರ್‌ನ ಹಟ ಬಿಟ್ಟು ಮೇಣಕ್ಕೆ ಬನ್ನಿ. ಸಮುದ್ರದ ಗಾಳಿ ಬೀಸುವ ಊರಿನಲ್ಲಿ, ಮಳೆಯಲ್ಲಿ ದಿನವೂ ಓಡುವ ಸೈಕಲ್‌ಗೆ ಪ್ರೈಮರ್ ಇಲ್ಲದ ಕ್ಲಿಯರ್ ತಕ್ಕದ್ದೇ ಅಲ್ಲ. ಲೋಹದ ನೋಟ ಬೇಕೇ ಬೇಕೆಂದರೆ ನಿಕಲ್ ಲೇಪನ ಅದಕ್ಕಿಂತ ಬಾಳಿಕೆಯದು. ಇಲ್ಲವಾದರೆ ಪ್ರೈಮರ್ ಮೇಲೆ ಉಕ್ಕಿನ ಬಣ್ಣದ ಮೆಟಾಲಿಕ್ ಪೇಂಟ್; ಎರಡಡಿ ದೂರದಿಂದ ನೋಡುವವರಿಗೆ ವ್ಯತ್ಯಾಸ ಗೊತ್ತಾಗುವುದು ಕಡಿಮೆ.

ಕ್ಲಿಯರ್ ಹಾಳೆಯಂತೆ ಏಳುವುದು

ಉಗುರು ಸಿಕ್ಕಿಸಿದರೆ ಪಟ್ಟಿಪಟ್ಟಿಯಾಗಿ ಸುಲಿದು ಬರುತ್ತದೆ, ಕೆಳಗಿನ ಲೋಹ ತುಕ್ಕಿಲ್ಲದೆ ಹೊಳೆಯುತ್ತಿರುತ್ತದೆ. ಹೊಳೆಯುವುದೇ ಇಲ್ಲಿ ದೋಷದ ಗುಟ್ಟು. ಕನ್ನಡಿಯಂತೆ 1500, 2000 ನಂಬರಿನವರೆಗೆ ಉಜ್ಜಿ, ಬಫ್ಫಿಂಗ್ ಸೋಪು ಹಾಕಿ ಪಾಲಿಶ್ ಮಾಡಿದ ಮೈಯಲ್ಲಿ ಕ್ಲಿಯರ್‌ಗೆ ಹಿಡಿದುಕೊಳ್ಳಲು ಒರಟಿಲ್ಲ. ಸೋಪಿನ ಮೇಣವೂ ಉಳಿದಿರುತ್ತದೆ. ಕನ್ನಡಿ ಹೊಳಪು ಬೇಕೆಂದರೆ ಕ್ಲಿಯರ್ ಬೇಡ, ಮೇಣ ಹಾಕಿ. ಕ್ಲಿಯರ್ ಬೇಕೆಂದರೆ 320-400ಕ್ಕೆ ನಿಲ್ಲಿಸಿ. ಎರಡೂ ಬೇಕು ಎನ್ನುವವರಿಗೇ ಈ ದೋಷ ಹೆಚ್ಚಾಗಿ ಬರುತ್ತದೆ.

ಕೆಳಗೆ ಬೂದಿ ಅಥವಾ ಬಿಳಿ ಪುಡಿ ಇದ್ದರೆ ಅದು ಫಾಸ್ಫಾರಿಕ್ ಆಮ್ಲದ ತುಕ್ಕು ಪರಿವರ್ತಕ ಬಿಟ್ಟುಹೋದ ಫಾಸ್ಫೇಟ್. ತೆಳುವಾಗಿ ಗಟ್ಟಿ ಕೂತಿದ್ದರೆ ಒಳ್ಳೆಯದೇ, ಪುಡಿಯಾಗಿದ್ದರೆ ಅದರ ಮೇಲೆ ಏನೂ ನಿಲ್ಲದು.

ಹಿಡಿತದ ಪರೀಕ್ಷೆಗೆ ಬ್ಲೇಡಿನಿಂದ 2 ಮಿ.ಮೀ. ಅಂತರದಲ್ಲಿ ಆರು ಗೆರೆ, ಅಡ್ಡಲಾಗಿ ಆರು ಗೆರೆ ಎಳೆದು ಟೇಪ್ ಒತ್ತಿ ಕೀಳುತ್ತಾರೆ. ಚೌಕಗಳು ಟೇಪಿಗೆ ಬಂದರೆ ಹಿಡಿತವಿಲ್ಲ. ಇದನ್ನು ಒಳ್ಳೆಯ ಫ್ರೇಮ್ ಮೇಲೆ ಮಾಡಬೇಡಿ, ಆ ಗೆರೆಗಳೇ ಎಳೆ ತುಕ್ಕಿಗೆ ಬಾಗಿಲು. ಒಂದು ತುಂಡು ಉಕ್ಕಿನ ಕೊಳವೆಗೆ ಫ್ರೇಮ್ ಜೊತೆಗೇ ಅದೇ ಉಪಚಾರ ಮಾಡಿಟ್ಟುಕೊಂಡು ಅದರ ಮೇಲೆ ಪರೀಕ್ಷಿಸಿ. ಆ ತುಂಡು ಮುಂದಿನ ದೋಷಗಳಿಗೂ ಸಾಕ್ಷಿಯಾಗುತ್ತದೆ.

ಸ್ವಚ್ಛತೆಗೆ ಇನ್ನೂ ಅಗ್ಗದ ಪರೀಕ್ಷೆ ಇದೆ, ಆದರೆ ಕ್ಲಿಯರ್ ಹಾಕುವ ಮೊದಲಿನದು. ಕೊಳವೆಯ ಮೇಲೆ ಶುದ್ಧ ನೀರು ಹಾಯಿಸಿ. ಒಂದೇ ಹಾಳೆಯಾಗಿ ಹರಿದರೆ ಎಣ್ಣೆ ಹೋಗಿದೆ. ಹನಿಹನಿಯಾಗಿ ಒಡೆದರೆ ಇನ್ನೂ ಇದೆ. ನೋಡಿದ ಕೂಡಲೇ ಒಣಗಿಸಿ.

ಲಗ್ ಅಂಚಿನಲ್ಲಿ ಬಿಳಿ ಕಕ್ಕು, ಪಕ್ಕದಲ್ಲಿ ಕಂದು ಗೆರೆ

ಬ್ರೇಜಿಂಗ್ (ಹಿತ್ತಾಳೆಯಂಥ ಲೋಹ ಕರಗಿಸಿ ಕೊಳವೆ ಬೆಸೆಯುವುದು) ಮಾಡುವಾಗ ಬೆಸುಗೆ ಹಿಡಿಯಲೆಂದು ಸವರಿದ ಫ್ಲಕ್ಸ್ ಗಾಜಿನಂತೆ ಗಟ್ಟಿಯಾಗಿ ಸಂದಿಯಲ್ಲಿ ಕೂತಿರುತ್ತದೆ. ಅದು ಗಾಳಿಯ ತೇವ ಹೀರಿ ಬಿಳಿ ಕಕ್ಕಾಗಿ ಹೊರಬರುತ್ತದೆ, ಕ್ಲಿಯರ್ ಅನ್ನು ಕೆಳಗಿನಿಂದ ಎತ್ತುತ್ತದೆ. ಕಿತ್ತುಹೋದ ಬಣ್ಣದ ಕೆಳಗೆ ವರ್ಷಗಟ್ಟಲೆ ಅಡಗಿದ್ದದ್ದು ಈಗ ಕಾಣುತ್ತಿದೆ ಅಷ್ಟೆ. ತಣ್ಣೀರಿಗೆ ಬಗ್ಗದು, ಬಿಸಿನೀರಿನಲ್ಲಿ ಗಂಟೆಗಟ್ಟಲೆ ನೆನೆಸಿ ಸಣ್ಣ ಹಿತ್ತಾಳೆ ಬ್ರಷ್‌ನಿಂದ ಉಜ್ಜಬೇಕು. ಚೂಪಾದ ಉಳಿಯಿಂದ ಎಬ್ಬಿಸಲು ಹೋದರೆ ತೆಳು ಕೊಳವೆಗೆ ಲಗ್‌ನ ಅಂಚಿನಲ್ಲೇ ಗೀರು ಬೀಳುತ್ತದೆ. ಭಾರ ಕೂಡುವ ಜಾಗವದು, ಅಲ್ಲಿ ಗೀರು ಬಿರುಕಿಗೆ ಆರಂಭ.

ಕಕ್ಕಿಲ್ಲದೆ ಹಳದಿ ಬೆಸುಗೆಯ ಪಕ್ಕದಲ್ಲಷ್ಟೇ ತುಕ್ಕಿನ ಗೆರೆ ಇದ್ದರೆ ಹಿತ್ತಾಳೆ-ಉಕ್ಕಿನ ಜೋಡಿಯ ಪರಿಣಾಮ. ಎರಡು ಲೋಹ ತೇವದಲ್ಲಿ ತಾಗಿಕೊಂಡಿದ್ದರೆ ಉಕ್ಕೇ ಸವೆಯುತ್ತದೆ. ಅಂಚನ್ನು ಮೇಣದಿಂದ ಮುಚ್ಚಿಡುವುದೇ ಉಪಾಯ.

ಬೆಸುಗೆಯ ಹತ್ತಿರ ಹಳದಿ, ನೇರಳೆ, ನೀಲಿ ಬಣ್ಣ

ದೋಷವಲ್ಲ. ಕಾದ ಉಕ್ಕಿನ ಮೇಲಿನ ಆಕ್ಸೈಡ್ ಪದರದ ದಪ್ಪಕ್ಕೆ ತಕ್ಕ ಬಣ್ಣ: ಸುಮಾರು 220 ಡಿಗ್ರಿಗೆ ತಿಳಿಹಳದಿ, 280ಕ್ಕೆ ನೇರಳೆ, 300ರ ಸುತ್ತ ನೀಲಿ. ಇಷ್ಟವಿದ್ದರೆ ಇರಲಿ, ಇಲ್ಲವಾದರೆ 400ರಿಂದ ಉಜ್ಜಿದರೆ ಹೋಗುತ್ತದೆ. ಆದರೆ ಬೆಸುಗೆಯಿಂದ ದೂರ, ಕೊಳವೆಯ ತೆಳು ನಡುಭಾಗದಲ್ಲಿ ನೀಲಿ ಪಟ್ಟೆ ಕಂಡರೆ ಅಲ್ಲಿ ಯಾರೋ ಗ್ರೈಂಡರ್ ಒತ್ತಿ ಉಜ್ಜಿದ್ದಾರೆ. ಕೊಳವೆ ಎಷ್ಟು ಸವೆದಿದೆ ಎಂಬುದು ಆಗ ಪ್ರಶ್ನೆ. ಒಳ್ಳೆಯ ಬಟೆಡ್ (ತುದಿ ದಪ್ಪ, ನಡು ತೆಳು) ಕೊಳವೆಯ ನಡುಭಾಗ 0.5 ಮಿ.ಮೀ. ದಪ್ಪ ಇರಬಹುದು, ಅದರಲ್ಲಿ 0.1 ಹೋದರೆ ಐದರಲ್ಲೊಂದು ಪಾಲು ಹೋಯಿತು.

ಮೇಣ, ಎಣ್ಣೆ ಫಿನಿಶ್‌: ಅಂಟುವುದು ಅಥವಾ ಒಂದೇ ಮಳೆಗೆ ಕಂದಾಗುವುದು

ಅಂಟಿದರೆ ಹೆಚ್ಚಾಯಿತು. ಕುದಿಸಿದ ಅಗಸೆ ಎಣ್ಣೆಯನ್ನು ಸವರಿ 15-20 ನಿಮಿಷದಲ್ಲಿ ಪೂರ್ತಿ ಒರೆಸಿ ತೆಗೆಯಬೇಕು. ಏನೂ ಉಳಿದಿಲ್ಲವೇನೋ ಎನಿಸುವಷ್ಟು ಉಳಿದರೆ ಸಾಕು. ದಪ್ಪಗೆ ಬಿಟ್ಟದ್ದು ಮೇಲೆ ಕೆನೆಗಟ್ಟಿ ಒಳಗೆ ಹಸಿಯಾಗಿ ಧೂಳು ಹಿಡಿಯುತ್ತದೆ. ಟರ್ಪೆಂಟೈನ್‌ನಿಂದ ಒರೆಸಿ ಮತ್ತೆ ಮಾಡಿ. ಎಚ್ಚರ: ಅಗಸೆ ಎಣ್ಣೆಯ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ತಾನಾಗಿ ಕಾದು ಬೆಂಕಿ ಹಿಡಿಯುತ್ತದೆ. ಬಿಡಿಸಿ ಹೊರಗೆ ಒಣಹಾಕಿ, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಿ.

ಮಳೆಗೆ ಕಂದಾದರೆ ಗಾಬರಿ ಬೇಡ, ಈ ಫಿನಿಶ್‌ನ ಗುಣವೇ ಅದು. ಸ್ಕ್ರಬ್ ಪ್ಯಾಡ್‌ಗೆ ಸ್ವಲ್ಪ ಎಣ್ಣೆ ಹಚ್ಚಿ ಉಜ್ಜಿ, ಒರೆಸಿ, ಮೇಣ ಹಾಕಿ. ಕ್ಲಿಯರ್‌ಗಿಂತ ಇದರ ಮೇಲುಗೈ ಇಲ್ಲಿದೆ: ತಿದ್ದುವುದಕ್ಕೆ ಏನನ್ನೂ ಕೀಳಬೇಕಿಲ್ಲ. ಪದೇಪದೇ ಒಂದೇ ಜಾಗ ಕಂದಾದರೆ ಮಾತ್ರ ಕೊನೆಯ ಭಾಗಕ್ಕೆ ಹೋಗಿ.

ಉಜ್ಜಿದರೂ ಅದೇ ಜಾಗದಲ್ಲಿ ಮರಳಿ ಬರುವ ಗೆರೆ, ಗುಂಡಿ, ಮೆತ್ತಗಾದ ಜಾಗ

ಇಲ್ಲಿಂದ ಫಿನಿಶ್‌ನ ಮಾತು ಮುಗಿಯಿತು, ಫ್ರೇಮ್‌ನ ಮಾತು.

ನೇರ ಅಥವಾ ಸ್ವಲ್ಪ ಬಾಗಿದ, ಕೂದಲೆಳೆಯಂಥ ತುಕ್ಕಿನ ಗೆರೆ ಒಂದೇ ಇದ್ದು, ಉಜ್ಜಿದ ಮೇಲೂ ಅದೇ ಜಾಗದಲ್ಲಿ ಎದ್ದರೆ ಬಿರುಕು ಎಂದೇ ಹಿಡಿಯಿರಿ. ಎಳೆ ತುಕ್ಕು ಅಂಕುಡೊಂಕು, ಉಜ್ಜಿ ಉಪ್ಪು ತೊಳೆದರೆ ಹೋಗುತ್ತದೆ; ಬಿರುಕು ಹೋಗದು. ಹುಡುಕಬೇಕಾದ ಜಾಗಗಳು: ಡೌನ್ ಟ್ಯೂಬ್‌ನ (ಹೆಡ್ ಟ್ಯೂಬ್‌ನಿಂದ ಪೆಡಲ್ ಕಡೆ ಇಳಿಯುವ ಕೊಳವೆ) ಅಡಿಯಲ್ಲಿ ಹೆಡ್ ಟ್ಯೂಬ್‌ನ ಹಿಂದೆ, ಸೀಟ್ ಟ್ಯೂಬ್ (ಸೀಟಿನಿಂದ ಇಳಿಯುವ ಕೊಳವೆ) ಬಾಟಮ್ ಬ್ರಾಕೆಟ್‌ಗೆ ಸೇರುವಲ್ಲಿ, ಚೈನ್ ಸ್ಟೇಗಳನ್ನು (ಪೆಡಲ್‌ನಿಂದ ಹಿಂದಿನ ಚಕ್ರಕ್ಕೆ ಹೋಗುವ ಜೋಡಿ ಕೊಳವೆ) ಕೂಡಿಸುವ ಬ್ರಿಡ್ಜ್, ಡ್ರಾಪ್‌ಔಟ್ ಬೇರು, ಸೀಟ್ ಲಗ್‌ನ ಸೀಳು.

ಡೈ ಪೆನಿಟ್ರಂಟ್ ಕಿಟ್ ಇದ್ದರೆ ಖಚಿತಪಡಿಸಿಕೊಳ್ಳಬಹುದು. ಮೈಯನ್ನು ಕ್ಲೀನರ್‌ನಿಂದ ಒರೆಸಿ, ಕೆಂಪು ಡೈ ಹಚ್ಚಿ 10-20 ನಿಮಿಷ ಬಿಡಿ. ಮೇಲಿನದನ್ನು ಬಟ್ಟೆಯಿಂದ ಒರೆಸಿ. ಕ್ಲೀನರ್ ಅನ್ನು ಬಟ್ಟೆಗೆ ಹಾಕಿ, ಕೊಳವೆಗೆ ನೇರವಾಗಿ ಹೊಡೆಯಬೇಡಿ, ಬಿರುಕಿನೊಳಗಿನ ಡೈ ತೊಳೆದುಹೋದೀತು. ಡೆವಲಪರ್‌ನ ಬಿಳಿ ಪದರ ಹೊಡೆದು ಕಾಯಿರಿ. ಬಿಳಿಯ ಮೇಲೆ ಕೆಂಪು ಗೆರೆ ಒಸರಿದರೆ ಬಿರುಕು. ಬಣ್ಣದ ಮೇಲೆ ಈ ಪರೀಕ್ಷೆಗೆ ಅರ್ಥವಿಲ್ಲ. ಬಣ್ಣ ಕಿತ್ತಿರುವ ಈ ಹೊತ್ತೇ ಸರಿಯಾದ ಸಮಯ.

ಗುಂಡಿಗಳಿದ್ದರೆ ಉಗುರು ಆಡಿಸಿ. ಉಗುರು ಸಿಕ್ಕದ ಚುಕ್ಕೆಗಳು ನೋಟದ ಸಮಸ್ಯೆ. ಸ್ಪಷ್ಟವಾಗಿ ಸಿಕ್ಕಿದರೆ, ಅದೂ ಕೊಳವೆಯ ತೆಳು ಭಾಗದಲ್ಲಿ, ಉಜ್ಜಿ ಸಮಮಾಡಲು ಹೋಗಬೇಡಿ. ಗುಂಡಿಯ ಆಳಕ್ಕೆ ಸುತ್ತಲಿನ ಲೋಹವನ್ನೂ ಇಳಿಸಿದರೆ ದುರ್ಬಲ ಚುಕ್ಕೆ ದುರ್ಬಲ ಪಟ್ಟಿಯಾಗುತ್ತದೆ.

ಹೊರಗೆ ಸರಿಯಾಗಿ ಸಿದ್ಧಪಡಿಸಿದ ಮೈ ಮೇಲೆ ಒಂದೇ ಜಾಗ ಕಂದಾಗುತ್ತಿದ್ದರೆ ತುಕ್ಕು ಒಳಗಿನಿಂದ ಬರುತ್ತಿರಬಹುದು. ಸೀಟ್ ಪೋಸ್ಟ್ ಮೂಲಕ ಇಳಿದ ನೀರು ಬಾಟಮ್ ಬ್ರಾಕೆಟ್ ಶೆಲ್‌ನಲ್ಲಿ ನಿಲ್ಲುತ್ತದೆ. ಅದರ ಹತ್ತಿರದ ಚೈನ್ ಸ್ಟೇ, ಡೌನ್ ಟ್ಯೂಬ್‌ನ ಕೆಳತುದಿ ಮೊದಲು ಹೋಗುವ ಜಾಗ. ಬಾಟಮ್ ಬ್ರಾಕೆಟ್ ಬಿಚ್ಚಿ, ಫ್ರೇಮ್ ಅಲುಗಿಸಿ ಎಷ್ಟು ತುಕ್ಕಿನ ಪುಡಿ ಉದುರುತ್ತದೆ ನೋಡಿ; ಹಕ್ಕಳೆಯಾಗಿ ಉದುರಿದರೆ ಕೆಟ್ಟ ಸುದ್ದಿ. ನಾಣ್ಯದಿಂದ ಕೊಳವೆಯುದ್ದಕ್ಕೂ ತಟ್ಟುತ್ತ ಬನ್ನಿ, ಸದ್ದು ಮಂಕಾದ ಕಡೆ ಮರದ ಹಿಡಿಯ ದಬ್ಬಳದಿಂದ ಒತ್ತಿ. ಒತ್ತಿದಲ್ಲಿ ತಗ್ಗಾದರೆ ಅಥವಾ ತೂತಾದರೆ ಆ ಕೊಳವೆ ಮುಗಿಯಿತು.

ಬಿರುಕು, ತೂತು, ಉಗುರು ಸಿಕ್ಕುವ ಗುಂಡಿ, ಪುಟ್ಟಿಯ ಕೆಳಗೆ ಸಿಕ್ಕ ತಗ್ಗು, ಇವುಗಳಲ್ಲಿ ಯಾವುದಿದ್ದರೂ ಸೈಕಲ್ ಹತ್ತಬೇಡಿ. ಫ್ರೇಮ್ ಕಟ್ಟುವವರ ಬಳಿ ಒಯ್ಯಿರಿ. ಉಕ್ಕಿನ ಫ್ರೇಮ್‌ನಲ್ಲಿ ಕೊಳವೆ ಬದಲಿಸುವುದು ಸಾಧ್ಯ. ಒಯ್ಯುವ ಮೊದಲು ಕ್ಲಿಯರ್, ಮೇಣ ಏನನ್ನೂ ಹಚ್ಚಬೇಡಿ. ಒಳಗೆ ಎಣ್ಣೆ ಹಾಕಿದ್ದರೆ ಅದು ಯಾವುದು, ಒರೆಸಲು ಯಾವ ಕ್ಲೀನರ್ ಬಳಸಿದ್ದೀರಿ ಎಂದು ತಪ್ಪದೆ ಹೇಳಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಸಂದಿಯಲ್ಲಿ ಉಳಿದ ಫ್ರೇಮ್‌ಗೆ ಬೆಸುಗೆಯ ಜ್ವಾಲೆ ತಾಗಿದರೆ ಫಾಸ್ಜೀನ್ ಎಂಬ ಮಾರಕ ಅನಿಲ ಹುಟ್ಟುತ್ತದೆ, ಅದನ್ನು ಉಸಿರಾಡುವವರು ಬೆಸುಗೆ ಹಾಕುವವರು.